ಆಯ್ತು ಅನ್ನುವ ಮೊದಲು

ನನ್ನ ಗಂಡನ ಪಿತ್ತಕೋಶದ ಕಲ್ಲನ್ನು ಡಾಕ್ಟರು ಒಮ್ಮೆ ತೆಗೆದಾಗಿತ್ತು. ನಾನೇ ಕಣ್ಣಾರೆ ನೋಡಿದ್ದೆ. ಸ್ಟೀಲ್ ಬಟ್ಟಲಲ್ಲಿ ಹುಣಸೆ ಬೀಜದಷ್ಟು ದಪ್ಪಗೆ, ಕಂದು ಬಣ್ಣಕ್ಕೆ ಕೂತಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಅವರಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಹೊರಗೆ ಬೀದಿದೀಪ ಹತ್ತಿತು, ಒಳಗೆ ಬಟ್ಟಲು ಖಾಲಿಯಾಯಿತು. ಹೊದಿಕೆ ಸರಿಸಿ ನೋಡಿದರೆ ಹೊಟ್ಟೆ ನುಣ್ಣಗಿತ್ತು. ಹೊಲಿಗೆ ಇಲ್ಲ, ಗಾಯ ಇಲ್ಲ. ಕಲ್ಲು ತನ್ನ ಜಾಗಕ್ಕೆ ಹೋಗಿ ಕೂತಿತ್ತು. ನಮ್ಮೂರಿನಲ್ಲಿ ಎಲ್ಲವೂ ಹೀಗೆ ವಾಪಸ್ ಹೋಗುತ್ತದೆ, ಪಟ್ಟ ಪಾಡೊಂದನ್ನು ಬಿಟ್ಟು. ಎಚ್ಚರವಾದ ಮೇಲೆ ಅವರು ಮೂರು ದಿನ ನರಳಿದರು.

ಊರಿನವರಿಗೆ ಇದೇನೂ ಹೊಸದಲ್ಲ. ಬೆಳಗ್ಗೆ ಹಿಡಿದ ಕೆಲಸ ಕತ್ತಲಾಗುವುದರೊಳಗೆ ಮುಗಿಯದಿದ್ದರೆ ಎಲ್ಲಿಂದ ಶುರುವಾಗಿತ್ತೋ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಅರ್ಧ ಹೊಲಿದ ರವಿಕೆ ಮತ್ತೆ ಕತ್ತರಿಸದ ಬಟ್ಟೆಯಾಗುತ್ತದೆ. ನಮ್ಮ ಮನೆಗಳು ಹತ್ತಾರು ಜನ ಸೇರಿ ಒಂದು ಹಗಲಲ್ಲಿ ಕಟ್ಟಿ ಮುಗಿಸುವಷ್ಟೇ ಚಿಕ್ಕವು. ಮುಗಿಯಿತೆಂದು ಹೇಳುವ ಹಕ್ಕು ಮಾಡಿದವರಿಗಿಲ್ಲ. ಯಾರಿಗಾಗಿ ಮಾಡಿದ್ದೋ ಅವರು ಬಾಯಿಬಿಟ್ಟು 'ಆಯ್ತು' ಅನ್ನಬೇಕು. ಅದೂ ತಾವಾಗಿಯೇ ಅನ್ನಬೇಕು. ಹೇಳಿಕೊಟ್ಟು ಹೇಳಿಸಿದ ಮಾತು ನಿಲ್ಲುವುದಿಲ್ಲ. ಆದ್ದರಿಂದ ಆ ಮಾತನ್ನು ನಾವು ಸುಮ್ಮಸುಮ್ಮನೆ ಬಾಯಿಗೆ ತರುವವರಲ್ಲ, ಇನ್ನೊಬ್ಬರ ಕೆಲಸದ ಮುಂದಂತೂ ತರುವುದೇ ಇಲ್ಲ.

ಊಟಕ್ಕೂ ಇದೇ ಕಟ್ಟಳೆ. ಉಂಡವರು ಹೇಳದಿದ್ದರೆ ದೀಪ ಹಚ್ಚುವ ಹೊತ್ತಿಗೆ ಹಸಿವು ವಾಪಸ್ ಬರುತ್ತದೆ. ಊರಿನಲ್ಲಿ ಬೇರೆಲ್ಲ ಗಂಡಸರು ಕೈ ತೊಳೆಯುವ ಮುಂಚೆ ಅಂದುಬಿಡುತ್ತಾರೆ. ನನಗೆ ಗಂಟುಬಿದ್ದವರು ಮಾತ್ರ ಸೈಕಲ್ ರಿಪೇರಿ ಶಾಂತವೀರಪ್ಪ. ಖಾಲಿ ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕೂತು, ಕಿಟಕಿ ನೋಡಿ, ನನ್ನ ಮುಖ ನೋಡಿ, ಏನೇನೋ ಹರಟಿ, ಇನ್ನೇನು ಬೆಳಕು ಹೋಯಿತು ಅನ್ನುವಾಗ ಆ ಒಂದು ಮಾತು ಹೇಳುವರು. ಇಪ್ಪತ್ತೆರಡು ವರ್ಷ ನನ್ನ ಹೊಟ್ಟೆ ಉರಿಸಿದ್ದಾರೆ. ಒಂದು ದಿನವಾದರೂ ಬಡಿಸಿದ ಕೂಡಲೇ ಅನ್ನಬಾರದೇ ಎಂದು ಪಾತ್ರೆ ಕುಕ್ಕಿದರೆ ನಗುತ್ತಿದ್ದರು.

ಎರಡನೆಯ ಸಲ ಆಸ್ಪತ್ರೆಗೆ ಹೋದಾಗ ಕಲ್ಲು ತೆಗೆಯುವುದಿರಲಿ, ಅವರ ಸರದಿಯೇ ಬರಲಿಲ್ಲ. ಅಷ್ಟು ಹೊತ್ತಿಗೆ ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಡಾಕ್ಟರ್ ಯತಿರಾಜ್ ನನ್ನನ್ನು ಹೊರಗೆ ಕರೆದು, ಗೋಡೆ ನೋಡಿಕೊಂಡು ಹೇಳಿದರು.

"ಟೀಚರ್, ಇನ್ನೊಂದು ಸಲ ಅರಿವಳಿಕೆ ಕೊಡಬಹುದು. ಅದರ ಮೇಲೆ ಈ ದೇಹ ತಡಿಯಲ್ಲ. ಬರೋ ಬುಧವಾರ ಮಾಡೋಣ. ಅವತ್ತು ನಿಲ್ಲದೇ ಹೋದ್ರೆ, ನನ್ನ ಕೈಲಿ ಏನೂ ಇಲ್ಲ."

ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಸಿಟ್ಟು ಬಂತು. ನನಗೆ ಅಳು ಬಹಳ ಹೊತ್ತು ನಿಲ್ಲುವುದಿಲ್ಲ, ಸಿಟ್ಟು ನಿಲ್ಲುತ್ತದೆ. ಎರಡು ಸಲವೂ ಆಸ್ಪತ್ರೆಯ ಬೆಂಚಿನಲ್ಲಿ ಬೆಳಗ್ಗೆಯಿಂದ ಕೂತು ನೋಡಿದವಳು ನಾನು. ಎಂಟು ಗಂಟೆಗೆ ಆರು ಜನ ರೋಗಿಗಳನ್ನು ಒಟ್ಟಿಗೆ ಒಳಗೆ ಬಿಡುತ್ತಾರೆ. ಗುಮಾಸ್ತ ಆರೂ ಜನರ ಹೆಸರು ಬರೆದುಕೊಂಡ ಮೇಲೆಯೇ ಸಿಸ್ಟರ್ ಫಿಲೋಮಿನಾ ರಕ್ತ ತೆಗೆಯುವುದು. ಆರೂ ಜನರ ರಕ್ತ ನೋಡಿದ ಮೇಲೆ ಆರೂ ಜನರ ಬಟ್ಟೆ ಬದಲು. ಚಾಕು ಹಿಡಿಯುವ ಹೊತ್ತಿಗೆ ಮಟಮಟ ಮಧ್ಯಾಹ್ನ. ಆಪರೇಷನ್ ಆದವರು ಸಾಲಾಗಿ ಮಲಗಿರುತ್ತಾರೆ, ಎಲ್ಲರೂ ಎಚ್ಚರವಾಗಲಿ ಎಂದು ಮೊದಲು ಎಚ್ಚರವಾದವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಒಬ್ಬರೇ ಮೊದಲು ಆ ಮಾತು ಹೇಳುವುದು ನಮ್ಮಲ್ಲಿ ಪಂಕ್ತಿಯಿಂದ ಮೊದಲು ಎದ್ದುಹೋದಷ್ಟೇ ಅಮರ್ಯಾದೆ. ಈ ಮರ್ಯಾದೆ ನೋಡಿಕೊಳ್ಳುತ್ತಾ ಎಷ್ಟು ಜನರ ಗಂಟು, ಕಲ್ಲು, ಹುಣ್ಣು ವಾಪಸ್ ಹೋಗಿದೆಯೋ.

ನಾನು ಐದನೇ ಕ್ಲಾಸಿನ ಟೀಚರು. ಪಾಠವೂ ನಮ್ಮಲ್ಲಿ ವಾಪಸ್ ಹೋಗುತ್ತದೆ. ಹದಿನೇಳರ ಮಗ್ಗಿಯನ್ನು ಮುಕ್ಕಾಲು ಕಲಿತ ಮಗು ಮರುದಿನ ಹದಿನೇಳು ಒಂದಲ ಎಂದರೆ ಕಣ್ಣು ಪಿಳಿಪಿಳಿ ಬಿಡುತ್ತದೆ. ಮೊದಲ ವರ್ಷ ಕೋಲು ಮುರಿಯುವ ತನಕ ಬೈದೆ, ಹೊಡೆದೆ. ಆಮೇಲೆ ಬುದ್ಧಿ ಬಂತು. ಕೆಲಸ ಎಲ್ಲಿ ನಿಲ್ಲುತ್ತದೆ, ಎಲ್ಲಿ ರಾಶಿ ಬೀಳುತ್ತದೆ ಎಂದು ಮಕ್ಕಳು ತಾವೇ ಕೈಯಾರೆ ಕಾಣಲಿ ಎಂದು ಆಟ ಕಟ್ಟಿದೆ. ಹುಣಸೆ ಬೀಜ ಎಣಿಸುವ ಆಟ, ಬೆಂಕಿಪೊಟ್ಟಣ ದಾಟಿಸುವ ಆಟ, ಕಾಗದದ ದೋಣಿಯ ಆಟ. ನನ್ನ ಮಕ್ಕಳು ದಿನಕ್ಕೆ ಮೂರೇ ಸಾಲು ಕಲಿಯುತ್ತಾರೆ, ಆದರೆ ಕಲಿತದ್ದು ಉಳಿಯುತ್ತದೆ. ಮುಖ್ಯೋಪಾಧ್ಯಾಯರು ಇದನ್ನು 'ಅಂಬುಜಮ್ಮನ ಅಂಗನವಾಡಿ' ಎನ್ನುತ್ತಾರೆ, ಅನ್ನಲಿ.

ಶನಿವಾರ ಡಾಕ್ಟರ ಮುಂದೆ ಹೋಗಿ ನಿಂತೆ.

"ನಾಳೆ ಹನ್ನೊಂದು ಗಂಟೆಗೆ ನನ್ನ ಕ್ಲಾಸಿಗೆ ಬರಬೇಕು. ಸಿಸ್ಟರು, ಗುಮಾಸ್ತರು, ಆಯಾ ಹೊನ್ನಮ್ಮ, ಎಲ್ಲರನ್ನೂ ಕರ್ಕೊಂಡು ಬನ್ನಿ."

"ಯಾಕೆ ಟೀಚರ್?"

"ದೋಣಿ ಮಾಡೋಕೆ."

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಪಾಪ, ಗಂಡನ ಚಿಂತೆಯಲ್ಲಿ ಈಕೆಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಆ ಕನಿಕರಕ್ಕೇ ಬಂದರೋ ಏನೋ, ಅಂತೂ ಬಂದರು. ಮಕ್ಕಳ ಬೆಂಚಿನಲ್ಲಿ ಡಾಕ್ಟರ ಮೊಣಕಾಲು ಎದೆಗೆ ಬರುತ್ತಿತ್ತು. ಗುಮಾಸ್ತರು ಬೆಂಚಿನ ಮೇಲೆ ಕರವಸ್ತ್ರ ಹಾಸಿಕೊಂಡು ಕೂತರು. ಸಿಸ್ಟರ್ ಫಿಲೋಮಿನಾ ಮಾತ್ರ ಬಾಗಿಲಲ್ಲೇ ನಿಂತು, "ವಾರ್ಡಲ್ಲಿ ನಾಲ್ಕು ಜನ ಮಲಗಿದಾರೆ, ಇಲ್ಲಿ ನಾವು ಆಟ ಆಡ್ತಾ ಇದೀವಿ," ಅಂದರು.

"ಅರ್ಧ ಗಂಟೆ ಕೊಡಿ ಸಿಸ್ಟರ್. ಆಮೇಲೆ ನನ್ನ ಎಷ್ಟು ಬೇಕಾದ್ರೂ ಬೈರಿ."

ನೆಲದ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು. ಅದರ ಮುಂದೆ ಒಂದು ಅಂಗುಲ ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಬಿಸಿಲು ಗೆರೆ ಮುಟ್ಟಿದರೆ ಸೂರ್ಯ ಮುಳುಗಿದ ಲೆಕ್ಕ. ಹನ್ನೆರಡು ದೋಣಿ. ಗುಮಾಸ್ತರು ಮೊದಲ ಮಡಿಕೆ, ಸಿಸ್ಟರು ಎರಡನೆಯದು, ಡಾಕ್ಟರು ಕೊನೆಗೆ ಬಿಡಿಸಿ ದೋಣಿ ಮಾಡುವುದು. ದೋಣಿ ಹೊನ್ನಮ್ಮನಿಗೆ. ಆಸ್ಪತ್ರೆಯಲ್ಲಿ ಹೇಗೆ ಮಾಡುತ್ತೀರೋ ಹಾಗೇ ಮಾಡಿ ಎಂದೆ.

ಗುಮಾಸ್ತರು ಹನ್ನೆರಡೂ ಹಾಳೆ ಅಂಚಿಗೆ ಅಂಚು ಕೂಡಿಸಿ ನೀಟಾಗಿ ಮಡಿಸಿ ರಾಶಿ ಮಾಡಿದರು. ಅಷ್ಟು ಹೊತ್ತೂ ಸಿಸ್ಟರು ಕೈ ಕಟ್ಟಿ ಕೂತಿದ್ದರು. ಆಮೇಲೆ ಅವರು ಮಡಿಸಿದರು, ಡಾಕ್ಟರು ಗೋಡೆಯ ಮೇಲಿನ ಭೂಪಟ ನೋಡುತ್ತಿದ್ದರು. ಆಮೇಲೆ ಡಾಕ್ಟರ ಮುಂದೆ ಹನ್ನೆರಡರ ರಾಶಿ ಬಂತು, ಅವರು ಬೆವರಿದರು. ಹೊನ್ನಮ್ಮನ ಮುಂದೆ ಒಂದೊಂದಾಗಿ ಒಂಬತ್ತು ದೋಣಿ ಬಂದು ನಿಂತವು. ಆಕೆ ಮಡಿಲಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು. ಬಿಸಿಲು ಗೆರೆ ಮುಟ್ಟಿತು.

ನಾನು ಹೋಗಿ ಒಂಬತ್ತೂ ದೋಣಿಗಳನ್ನು ಬಿಚ್ಚಿ, ಅಂಗೈಯಿಂದ ಉಜ್ಜಿ, ಹಾಳೆ ಮಾಡಿ ಇಟ್ಟೆ.

"ಅಯ್ಯೋ, ಯಾಕೆ ಬಿಚ್ಚಿದ್ರಿ?" ಡಾಕ್ಟರ್ ಮಗುವಿನ ಹಾಗೆ ಕೂಗಿದರು.

"ಹೊನ್ನಮ್ಮ ಹೇಳ್ಲಿಲ್ವಲ್ಲ."

"ಎಲ್ಲಾ ಬರ್ಲಿ ಅಂತ ಕಾಯ್ತಿದ್ದೆ ಕಣಮ್ಮ," ಹೊನ್ನಮ್ಮ ಅಂದಳು. ಅಂದವಳು ತನ್ನ ಮಾತನ್ನೇ ಕೇಳಿಸಿಕೊಂಡು ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ಸಿಸ್ಟರ್ ಫಿಲೋಮಿನಾ ಆ ಹಾಳೆಗಳ ಮಡಿಕೆಯ ಗುರುತನ್ನು ಬೆರಳಲ್ಲಿ ಸವರುತ್ತಿದ್ದರು. ಎಷ್ಟು ಸಂಜೆ ಎಷ್ಟು ಹೊದಿಕೆ ಸರಿಸಿ ನುಣ್ಣನೆಯ ಹೊಟ್ಟೆಗಳನ್ನು ನೋಡಿದ್ದರೋ ಆಕೆ.

ಗೆರೆಯನ್ನು ಇನ್ನೊಂದು ಅಂಗುಲ ಮುಂದೆ ಎಳೆದೆ. ಎರಡನೆಯ ಸಲ ಒಂದೊಂದೇ ಹಾಳೆ ದಾಟಿಸಿದರು. ಒಂದಕ್ಕೆ ಹೊನ್ನಮ್ಮ ಹೇಳುವ ತನಕ ಡಾಕ್ಟರು ಇನ್ನೊಂದನ್ನು ಮುಟ್ಟುವಂತಿಲ್ಲ ಎಂದು ಕಟ್ಟಪ್ಪಣೆ ಮಾಡಿದೆ. ಆರು ದೋಣಿ ಉಳಿದವು. ಆಕೆಗೆ ಹೇಳಲು ನಾಚಿಕೆ, ಪ್ರತಿ ಸಲ ಅತ್ತಿತ್ತ ನೋಡುತ್ತಿದ್ದಳು. ಮೂರನೆಯ ಸಲಕ್ಕೆ ಮುಂಚೆ ತಾನೇ ಅಂದಳು, "ಡಾಕ್ಟ್ರೇ, ಮುಂದೆ ಇಡಬೇಡಿ, ಕೈಗೆ ಕೊಡಿ. ಮುಂದೆ ಇಟ್ರೆ ಅದು ನಂದು ಅನ್ನಿಸಲ್ಲ." ಕೈಗೆ ಕೊಟ್ಟರು. ದೋಣಿ ಅಂಗೈಗೆ ಬಂದ ಕೂಡಲೇ ಮಾತು ತಾನಾಗಿ ಬರುತ್ತಿತ್ತು. ಹನ್ನೊಂದು ದೋಣಿ. ಗುಮಾಸ್ತರು ಚಪ್ಪಾಳೆ ತಟ್ಟಿಬಿಟ್ಟರು, ಆಮೇಲೆ ನಾಚಿಕೊಂಡು ಕರವಸ್ತ್ರ ಮಡಿಸಿದರು.

ಬುಧವಾರಕ್ಕೆ ಹೊಸ ಪದ್ಧತಿ ಎಂದು ಡಾಕ್ಟರು ಒಪ್ಪಿದರು. ಮೂರೇ ಜನ. ಒಬ್ಬರ ಹೆಸರು, ರಕ್ತ, ಬಟ್ಟೆ, ಚಾಕು, ಎಚ್ಚರ, ಮಾತು ಎಲ್ಲ ಮುಗಿದ ಮೇಲೆ ಇನ್ನೊಬ್ಬರು. "ನಿಮ್ಮ ಯಜಮಾನರನ್ನ ಮೊದಲು ತಗೊಳ್ಳಣ," ಅಂದರು. ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಟೀಚರಮ್ಮ ತನ್ನ ಗಂಡನಿಗೋಸ್ಕರ ಆಸ್ಪತ್ರೆಯ ಪದ್ಧತಿಯನ್ನೇ ಬದಲಿಸಿದಳು ಎಂದು ಊರು ಆಡಿಕೊಳ್ಳುತ್ತದೆ ಎಂದು ಹೆದರಿ, "ಪಟ್ಟಿಯಲ್ಲಿ ಇರೋ ಹಾಗೇ ಇರಲಿ," ಅಂದೆ. ಪಟ್ಟಿಯಲ್ಲಿ ಅವರು ಮೂರನೆಯವರು. ಆ ರಾತ್ರಿಯಿಂದಲೇ ನನ್ನ ಜಂಬವನ್ನು ನಾನೇ ಶಪಿಸಿಕೊಳ್ಳತೊಡಗಿದೆ.

ಬುಧವಾರ ಸೂರ್ಯ ಮುಳುಗುವುದು ಆರೂ ಹತ್ತಕ್ಕೆ. ನನ್ನ ಬೆಂಚಿನ ಎದುರೇ ಗೋಡೆ ಗಡಿಯಾರ. ಮೊದಲು ಕೊರಳಲ್ಲಿ ಗಂಟಿದ್ದ ಹೆಂಗಸು. ಹತ್ತೂವರೆಗೆ ಎಚ್ಚರವಾಗಿ, ಕೊರಳು ಮುಟ್ಟಿ ನೋಡಿಕೊಂಡು, ಅಳುತ್ತಲೇ ಹೇಳಿಬಿಟ್ಟಳು. ನನ್ನ ಜೀವ ಸ್ವಲ್ಪ ಹಗುರವಾಯಿತು. ಎರಡನೆಯವರು ಹರ್ನಿಯಾ ಆಗಿದ್ದ ಹಮಾಲಿ ನಂಜುಂಡಯ್ಯ. ಹನ್ನೆರಡೂವರೆಗೆ ಹೊಲಿಗೆ ಹಾಕಿದರು, ಒಂದೂವರೆಗೆ ಕಣ್ಣು ಬಿಟ್ಟರು. ನೀರು ಕುಡಿದರು. ಹೊಲಿಗೆ ನೋಡಿಕೊಂಡರು. ಮಾತು ಮಾತ್ರ ಬರಲಿಲ್ಲ.

ಎರಡು ಗಂಟೆ. ಎರಡೂವರೆ. ಅತ್ತ ನನ್ನ ಗಂಡ ತಮ್ಮ ಸರದಿ ಕಾಯುತ್ತಾ ತಳ್ಳುಗಾಡಿಯಲ್ಲಿ ಮಲಗಿ ಸೂರು ನೋಡುತ್ತಿದ್ದರು. ಹಣೆಯ ಮೇಲೆ ಬೆವರಿತ್ತು. ಇನ್ನೊಬ್ಬರನ್ನು ಶುರುಮಾಡಿಬಿಡೋಣವೇ ಎಂದು ಡಾಕ್ಟರು ಸಿಸ್ಟರ ಕಡೆ ನೋಡಿದರು. "ನಾನು ಇರೋದು ಒಬ್ಬಳು ಡಾಕ್ಟ್ರೇ. ಅಲ್ಲಿಗೆ ಬಂದ್ರೆ ಇವರ ಹತ್ರ ಯಾರು? ಮತ್ತೆ ಅದೇ ರಾಶಿ," ಅಂದರು ಸಿಸ್ಟರ್. ಆಟವನ್ನು ನಾನೇ ಕಲಿಸಿದ್ದೆ, ಎದುರಾಡುವ ಹಾಗಿರಲಿಲ್ಲ. ಮೂರು ಗಂಟೆಗೆ ನನಗೆ ತಡೆಯಲಾಗಲಿಲ್ಲ. ನಂಜುಂಡಯ್ಯನವರ ಮಂಚದ ಬಳಿ ಹೋದೆ.

"ಹೇಗಿದೆ ನಂಜುಂಡಯ್ಯನವ್ರೇ?"

"ಚೆನ್ನಾಗೈತೆ ಟೀಚರಮ್ಮ. ಏನೂ ತೊಂದ್ರೆ ಇಲ್ಲ."

"ಮತ್ತೆ?"

ಅವರು ದನಿ ತಗ್ಗಿಸಿದರು. "ನಮ್ ಶಾಂತವೀರಣ್ಣಂದು ಇನ್ನೂ ಆಗಿಲ್ವಲ್ಲ. ಅವ್ರನ್ನ ಬಿಟ್ಟು ನಾನೊಬ್ನೇ ಹೆಂಗೆ ಹೇಳ್ಲಿ? ಅವ್ರು ನನ್ ಗಾಡಿ ಚಕ್ರ ಎಷ್ಟು ಸಲ ಸರಿ ಮಾಡ್ಕೊಟ್ಟವ್ರೆ. ಅವ್ರೂ ಏಳ್ಲಿ, ಇಬ್ರೂ ಒಟ್ಗೆ ಹೇಳ್ತೀವಿ."

ಮರ್ಯಾದೆ! ನನ್ನ ಗಂಡನ ಮೇಲಿನ ಮರ್ಯಾದೆಗೆ ನನ್ನ ಗಂಡನನ್ನೇ ಕೊಲ್ಲುತ್ತಿದ್ದ ಆ ಒಳ್ಳೆಯ ಮನುಷ್ಯನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಹೇಳಿ ಎನ್ನುವಂತಿಲ್ಲ, ಎಂದರೆ ಅವರದೂ ಹೋಗುತ್ತದೆ. ಕಿಸೆಯಂತೆ ಮಾಡಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನಲ್ಲಿ ಭಾನುವಾರದ ಒಂದು ದೋಣಿ ಇತ್ತು. ಅದನ್ನು ಅವರ ಮಂಚದ ಮೇಲಿಟ್ಟೆ. "ಇದು ನಮ್ಮೆಜಮಾನ್ರು. ಇದು ದಾಟಬೇಕು. ದಾರೀಲಿ ನೀವು ಕೂತಿದೀರಿ," ಎಂದು ದೋಣಿಯನ್ನು ಅವರ ಕೈಗೆ ತಾಗಿಸಿ ನಿಲ್ಲಿಸಿದೆ. ಅವರು ದೋಣಿ ನೋಡಿದರು, ಬಾಗಿಲಾಚೆಯ ತಳ್ಳುಗಾಡಿ ನೋಡಿದರು. ಮುಖ ಕಪ್ಪಿಟ್ಟಿತು. ತಮ್ಮ ಹೊಲಿಗೆಯ ಮೇಲೆ ಅಂಗೈ ಇಟ್ಟುಕೊಂಡು, ಇಡೀ ವಾರ್ಡಿಗೆ ಕೇಳುವಂತೆ "ಆಯ್ತು!" ಎಂದು ಕೂಗಿದರು. ಮೂರೂ ಹತ್ತಾಗಿತ್ತು.

ನಾಲ್ಕೂ ಐವತ್ತಕ್ಕೆ ಡಾಕ್ಟರು ಹೊರಗೆ ಬಂದು ಕೈಗವಸು ಬಿಚ್ಚಿದರು. ಹೊನ್ನಮ್ಮ ಸ್ಟೀಲ್ ಬಟ್ಟಲು ತಂದು ಕಿಟಕಿಯಲ್ಲಿಟ್ಟಳು. ಮತ್ತೆ ಅದೇ ಕಲ್ಲು. ನಾನದನ್ನು ಗುರುತು ಹಿಡಿದೆ, ಹಳೆಯ ವೈರಿಯನ್ನು ಗುರುತು ಹಿಡಿದ ಹಾಗೆ. ಐದು ಗಂಟೆ. ಐದೂ ಇಪ್ಪತ್ತು. ನನ್ನ ಗಂಡ ಕುಂಭಕರ್ಣನ ಪೈಕಿ, ಒಳ್ಳೆಯ ದಿನದಲ್ಲೇ ಮೂರು ಸಲ ನೀರು ಚಿಮುಕಿಸಬೇಕು. ಸಿಸ್ಟರು ಕೆನ್ನೆ ತಟ್ಟಿದರು, ಅಂಗಾಲು ಉಜ್ಜಿದರು. ಕಿಟಕಿಯ ಬಿಸಿಲು ಮಂಚದ ಕಾಲಿನಿಂದ ಗೋಡೆಗೆ ಹತ್ತಿತು. ಅಲ್ಲಿ ನಾನು ಯಾವ ಗೆರೆಯನ್ನೂ ಎಳೆದಿರಲಿಲ್ಲ, ಆದರೂ ಗೆರೆ ಕಾಣುತ್ತಿತ್ತು.

ಐದೂ ಐವತ್ತಕ್ಕೆ ಕಣ್ಣು ಬಿಟ್ಟರು.

"ಅಂಬೂ," ಅಂದರು. ನಾಲಗೆ ತೊದಲುತ್ತಿತ್ತು. "ಸಾರಿಗೆ ಉಪ್ಪು ಕಮ್ಮಿ."

ಮನೆಯಲ್ಲಿ ಊಟಕ್ಕೆ ಕೂತಿದ್ದೇನೆ ಅಂದುಕೊಂಡಿದ್ದರು. ಡಾಕ್ಟರು, ಸಿಸ್ಟರು, ಹೊನ್ನಮ್ಮ ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದರು. ಪಕ್ಕದ ಮಂಚದಲ್ಲಿ ನಂಜುಂಡಯ್ಯ ಕಣ್ಣು ಮುಚ್ಚಿ ತುಟಿ ಕಚ್ಚಿಕೊಂಡಿದ್ದರು.

"ಹೇಗಿದೆ ರೀ?" ಎಂದೆ.

"ಚೆನ್ನಾಗಿದೆ. ಆದ್ರೆ ನಾನು ಹೇಳಲ್ಲ." ನಕ್ಕರು. ಅದೇ ದರಿದ್ರ ನಗು.

"ಯಾಕೆ?"

"ಹೇಳಿದ ತಕ್ಷಣ ನೀನು ತಟ್ಟೆ ಎತ್ಕೊಂಡು ಎದ್ದೋಗ್ತೀಯ. ಬೆಳಗ್ಗೆಯಿಂದ ಸ್ಕೂಲು, ಸ್ಕೂಲಿಂದ ಒಲೆ. ಊಟದ ಹೊತ್ತು ಒಂದೇ ನೀನು ಕೂರೋದು. ಇನ್ನೂ ಸ್ವಲ್ಪ ಬೆಳಕಿದೆ. ಕೂತ್ಕೋ."

ಇಪ್ಪತ್ತೆರಡು ವರ್ಷ ನಾನು ಪಾತ್ರೆ ಕುಕ್ಕಿದ್ದೆ. ರಾಶಿ ಎಲ್ಲಿ ಬೀಳುತ್ತದೆ ಎಂದು ಊರಿಗೆಲ್ಲ ಕಲಿಸುವವಳಿಗೆ ತನ್ನ ಮನೆಯಲ್ಲಿ ಯಾರು ಯಾತಕ್ಕೆ ಕಾಯುತ್ತಿದ್ದಾರೆ ಎಂದು ಕಂಡಿರಲಿಲ್ಲ. ಅಳುವುದಕ್ಕೆ ಹೊತ್ತಿರಲಿಲ್ಲ. ಆರೂ ಎರಡು. ಗೋಡೆಯ ಮೇಲಿನ ಬಿಸಿಲು ಕೆಂಪಾಗಿ ಒಂದು ಅಂಗೈ ಅಗಲ ಉಳಿದಿತ್ತು. ಹೊನ್ನಮ್ಮ ನನ್ನ ಮುಖ ನೋಡಿ, ಬಟ್ಟಲು ತಂದು ನನ್ನ ಕಡೆ ಚಾಚಿದಳು.

ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಎರಡೂ ಕಾಲು ಮೇಲೆ ಮಡಚಿಕೊಂಡು, ಮನೆಯಲ್ಲಿ ನೆಲದ ಮೇಲೆ ಕೂರುವ ಹಾಗೆ ಕೂತೆ. "ನೋಡಿ, ಕೂತೆ. ನಾನು ಎಲ್ಲಿಗೂ ಏಳಲ್ಲ," ಎಂದು ಕಲ್ಲನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ.

ಅವರು ಅದನ್ನು ನೋಡಲಿಲ್ಲ. ಸೈಕಲ್ ಚಕ್ರದಿಂದ ಬಿಚ್ಚಿದ ಸವೆದ ಬೇರಿಂಗ್ ಗುಂಡನ್ನು ಪರೀಕ್ಷಿಸುವ ಹಾಗೆ ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಹೊರಳಿಸಿದರು. ಒಂದು ಸಲ, ಎರಡು ಸಲ. ಹುಬ್ಬು ಗಂಟಿಕ್ಕಿತು. ಇನ್ನೊಂದು ಕೈ ಮೆಲ್ಲಗೆ ಹೊದಿಕೆಯೊಳಗೆ ಹೋಗಿ ಹೊಲಿಗೆಯನ್ನು ತಡವಿತು. ಕಣ್ಣಿನ ಮಂಪರು ಸರಿದು ಅವರು ಆಸ್ಪತ್ರೆಗೆ ಬಂದರು, ನನ್ನನ್ನು ನೋಡಿದರು, ಮಡಚಿದ ನನ್ನ ಕಾಲು ನೋಡಿದರು.

"ಇದೇನಾ ಅದು?"

ನಾನು ತಲೆಯಾಡಿಸಿದೆ.

"ಇಷ್ಟಕ್ಕೆ ಇಷ್ಟೊಂದು ಕುಣಿಸ್ತಲ್ಲ," ಅಂದರು. ಆಮೇಲೆ, ಯಾರಿಗೂ ಅಲ್ಲವೆಂಬ ಹಾಗೆ, ಅಂಗಡಿಯಲ್ಲಿ ಕೆಲಸ ಮುಗಿಸಿ ಕೈ ಒರೆಸಿಕೊಳ್ಳುವಾಗಿನ ದನಿಯಲ್ಲಿ, "ಆಯ್ತು."

ಯಾರೂ ಅಲುಗಾಡಲಿಲ್ಲ. ಗೋಡೆಯ ಮೇಲಿನ ಬಿಸಿಲು ಒಂದು ಬೆರಳಾಯಿತು, ಆಮೇಲೆ ಇರಲಿಲ್ಲ. ಬೀದಿದೀಪ ಹತ್ತಿತು. ಸಿಸ್ಟರ್ ಫಿಲೋಮಿನಾ ಹೊದಿಕೆ ಸರಿಸಿದರು. ಹನ್ನೊಂದು ಹೊಲಿಗೆ, ಹನ್ನೊಂದೂ ಇದ್ದವು. ಅವರ ಮುಷ್ಟಿ ಬಿಡಿಸಿ ನೋಡಿದೆ, ಕಲ್ಲು ಬೆಚ್ಚಗೆ ಅಲ್ಲೇ ಇತ್ತು. ನಂಜುಂಡಯ್ಯ ಹೊಲಿಗೆ ಹಿಡಿದುಕೊಂಡು ಅತ್ತರು. ಡಾಕ್ಟರು ಹೊರಗೆ ಹೋದರು, ಹೊನ್ನಮ್ಮ ಬಟ್ಟಲು ತೊಳೆಯಲು ಹೋದಳು, ನನ್ನ ಕಾಲು ಜೋಮು ಹಿಡಿಯಿತು. ಎತ್ತಬೇಕಾದ ತಟ್ಟೆ ಯಾವುದೂ ಇರಲಿಲ್ಲ. ಇದ್ದಿದ್ದರೂ ಎತ್ತುತ್ತಿರಲಿಲ್ಲ. ಅವರು ಮತ್ತೆ ನಿದ್ದೆ ಹೋದ ಮೇಲೂ ನಾನು ಹಾಗೇ ಕೂತಿದ್ದೆ.